ಕಾಫಿ ಪುಡಿ ಮಾರಲು ಶಾಪಿಫೈ ಸಾಕೋ, ಸ್ವಂತ ಸರ್ವರ್ ಬೇಕೋ?

ಕೊಡಗಿನ ಕುಶಾಲನಗರದಿಂದ ವಿರಾಜಪೇಟೆವರೆಗೆ ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಜೇನು, ಕಾಚಂಪುಳಿ (ಹಣ್ಣಿನಿಂದ ಮಾಡುವ ಗಾಢ ಹುಳಿರಸ) ಪ್ಯಾಕ್ ಮಾಡಿ ಊರಾಚೆ ಕಳಿಸುವ ಮನೆಗಳು ಈಗ ಕಡಿಮೆಯೇನಿಲ್ಲ. ವೆಬ್‌ಸೈಟ್ ಮಾಡಿಸಬೇಕೆಂದು ಹೊರಟವರೆಲ್ಲ ಮೊದಲು ಕೇಳುವುದು "ತಿಂಗಳಿಗೆ ಎಷ್ಟು ಬೀಳುತ್ತೆ?" ಎಂದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಜುಲೈ ತಿಂಗಳ ರಾತ್ರಿ ಹತ್ತು ಗಂಟೆ, ಬೆಳಗಿನಿಂದ ಕರೆಂಟಿಲ್ಲ, ಮೊಬೈಲಿನಲ್ಲಿ ಒಂದೇ ಕಡ್ಡಿ ಸಿಗ್ನಲ್. ಆಗ ಅಂಗಡಿಯ ಪುಟ ತೆರೆಯದಿದ್ದರೆ ಅದನ್ನು ಸರಿ ಮಾಡುವವರು ಯಾರು?

ತೋಟದವರಿಗೆ ಈ ಲೆಕ್ಕ ಹೊಸದಲ್ಲ. ಕಾಫಿ ಹಣ್ಣನ್ನು ಸ್ವಂತ ಪಲ್ಪರ್‌ಗೆ (ಸಿಪ್ಪೆ ಬಿಡಿಸುವ ಯಂತ್ರ) ಹಾಕುವುದೋ, ಸಿಪ್ಪೆ ಸಮೇತ ಚೆರಿಯಾಗಿಯೇ ಕಣದಲ್ಲಿ ಒಣಗಿಸಿ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುವುದೋ ಎಂದು ವರ್ಷವರ್ಷ ತೀರ್ಮಾನ ಮಾಡುವವರು ನಾವು. ಪಲ್ಪರ್‌ನಿಂದ ಬರುವ ಪಾರ್ಚ್‌ಮೆಂಟ್ ಬೀಜಕ್ಕೆ ರೇಟು ಜಾಸ್ತಿ, ಸರಿ. ಆದರೆ ಕೊಯ್ಲಿನ ನಡುವೆ ಪಲ್ಪರ್ ಕೈಕೊಟ್ಟರೆ ಹಣ್ಣು ಹುಳಿಯುವ ಮುನ್ನ ಬಿಚ್ಚಿ ರಿಪೇರಿ ಮಾಡಬಲ್ಲವರು ತೋಟದಲ್ಲೇ ಇರಬೇಕು. ಸ್ವಂತ ಸರ್ವರ್, ಅಂದರೆ ವೆಬ್‌ಸೈಟನ್ನು ಸದಾ ತೆರೆದಿಡುವ ಕಂಪ್ಯೂಟರನ್ನು ನೀವೇ ನೋಡಿಕೊಳ್ಳುವುದು, ಆ ಪಲ್ಪರ್ ಇದ್ದಂತೆ.

ಹೋಸ್ಟೆಡ್, ಅಂದರೆ ಕಂಪನಿಯವರೇ ನಡೆಸುವ ಬಾಡಿಗೆ ಅಂಗಡಿಯ ಕಡೆ ಶಾಪಿಫೈ, ಝೋಹೋ ಕಾಮರ್ಸ್, ವಿಕ್ಸ್, ದುಕಾನ್ ಇವೆ. ತಿಂಗಳ ಬಾಡಿಗೆ ಕಟ್ಟಿದರೆ ಸರ್ವರ್, ಭದ್ರತೆ, ಅಪ್‌ಡೇಟ್ ಎಲ್ಲ ಅವರ ತಲೆನೋವು. ಸ್ವಂತದ ಕಡೆ ಹೆಚ್ಚಿನವರು ಹಾಕಿಸುವುದು ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ತಂತ್ರಾಂಶದ ಮೇಲೆ ಕೂರುವ ವೂಕಾಮರ್ಸ್. ಓಪನ್‌ಕಾರ್ಟ್, ಮಜೆಂಟೋ ಕೂಡ ಇವೆ. ಇಪ್ಪತ್ತು ಮೂವತ್ತು ಐಟಂ ಇರುವ ಅಂಗಡಿಗೆ ಮಜೆಂಟೋ ಹಾಕಿಸಿಕೊಳ್ಳಿ ಎನ್ನುವವರಿಗೆ ನಮಸ್ಕಾರ ಹೇಳಿ ಕಳಿಸಿಬಿಡಿ. ಮುಂದಿನ ಮಾತೆಲ್ಲ ಶಾಪಿಫೈ ಮತ್ತು ವೂಕಾಮರ್ಸ್ ಇಟ್ಟುಕೊಂಡು.

ಮೊದಲು ದುಡ್ಡು

ಶಾಪಿಫೈ ಪ್ಲಾನಿನ ಬೆಲೆ ಆಗಾಗ ಬದಲಾಗುತ್ತದೆ. ಲೆಕ್ಕಕ್ಕೆ ತಿಂಗಳಿಗೆ 2,000 ರೂಪಾಯಿ ಎಂದಿಟ್ಟುಕೊಳ್ಳೋಣ. ಜನ ನೋಡದೆ ಬಿಡುವುದು ಅದರ ಕೆಳಗಿನ ಸಾಲನ್ನು. ಶಾಪಿಫೈಯ ಸ್ವಂತ ಪೇಮೆಂಟ್ ಸೇವೆ ಭಾರತದಲ್ಲಿ ಇಲ್ಲ. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು ಹೀಗೆ ಹೊರಗಿನ ಗೇಟ್‌ವೇ (ಗ್ರಾಹಕರ ಹಣ ಪಡೆದು ನಿಮ್ಮ ಖಾತೆಗೆ ಹಾಕುವ ಸೇವೆ) ಸೇರಿಸಲೇಬೇಕು. ಹಾಗೆ ಸೇರಿಸಿದ್ದಕ್ಕೆ ಬೇಸಿಕ್ ಪ್ಲಾನಿನಲ್ಲಿ ಪ್ರತಿ ಆನ್‌ಲೈನ್ ಆರ್ಡರಿನ ಮೇಲೆ ಶೇ. 2 ಹೆಚ್ಚುವರಿ ಹಿಡಿಯುತ್ತಾರೆ. ಮೇಲಿನ ಪ್ಲಾನ್‌ಗಳಲ್ಲಿ ಅದು ಇಳಿಯುತ್ತದೆ. ಕ್ಯಾಶ್ ಆನ್ ಡೆಲಿವರಿಗೆ ಈ ಕಡಿತ ಇಲ್ಲ. ಗೇಟ್‌ವೇಯವರು ತೆಗೆದುಕೊಳ್ಳುವುದು ಬೇರೆಯೇ: ಸಾಮಾನ್ಯ ದರ ಶೇ. 2, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಶೇ. 2.36. ಇದು ವೂಕಾಮರ್ಸ್‌ನಲ್ಲೂ ತಪ್ಪುವುದಿಲ್ಲ, ಹಾಗಾಗಿ ಹೋಲಿಕೆಯಿಂದ ಹೊರಗಿಡೋಣ.

ತಿಂಗಳಿಗೆ 60 ಆರ್ಡರ್, ಸರಾಸರಿ 900 ರೂಪಾಯಿ, ಎಲ್ಲವೂ ಆನ್‌ಲೈನ್ ಪಾವತಿ ಎಂದುಕೊಳ್ಳಿ. ವಹಿವಾಟು 54,000. ಶಾಪಿಫೈ ಕಡಿತ 1,080, ಪ್ಲಾನ್ 2,000, ಜಿಎಸ್‌ಟಿ ಬಿಲ್ಲಿಗೋ ರಿವ್ಯೂಗೋ ಒಂದೆರಡು ಆ್ಯಪ್ ಹಾಕಿದರೆ ಇನ್ನೊಂದು 1,000. ಒಟ್ಟು 4,080. ಇತ್ತ ವೂಕಾಮರ್ಸ್‌ಗೆ 2 ಜಿಬಿ ರ್‍ಯಾಮ್ ಇರುವ ವಿಪಿಎಸ್, ಅಂದರೆ ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್ ಬೇಕು. ಡಿಜಿಟಲ್‌ಓಶನ್‌ನಂಥವರ ಬಳಿ ಅದು ತಿಂಗಳಿಗೆ 12 ಡಾಲರ್, ಅಂದಾಜು 1,000ದಿಂದ 1,100 ರೂಪಾಯಿ. ಬ್ಯಾಕಪ್ಪಿಗೆ ಅದರ ಶೇ. 20, ಡೊಮೇನ್‌ಗೆ (ಅಂಗಡಿಯ ವೆಬ್ ಹೆಸರು) ತಿಂಗಳ ಪಾಲು ನೂರರೊಳಗೆ, ಹಣ ಕೊಟ್ಟು ಕೊಳ್ಳುವ ಪ್ಲಗಿನ್‌ಗಳಿಗೆ (ಹೆಚ್ಚುವರಿ ಸೌಲಭ್ಯದ ತಂತ್ರಾಂಶ) ಸರಾಸರಿ 500. ಎಲ್ಲ ಸೇರಿ 1,800ರ ಆಸುಪಾಸು.

ಉಳಿಯಿತಲ್ಲ 2,280 ರೂಪಾಯಿ ಎನ್ನಬೇಡಿ. ಅಪ್‌ಡೇಟ್ ಹಾಕುವುದು, ಬ್ಯಾಕಪ್ ಪರೀಕ್ಷಿಸುವುದು, ಎಲ್ಲೋ ಸಿಕ್ಕಿಕೊಂಡ ಆರ್ಡರ್ ಹುಡುಕುವುದು ಇವಕ್ಕೆ ತಿಂಗಳಿಗೆ ನಾಲ್ಕೈದು ಗಂಟೆ ಬೇಕೇ ಬೇಕು. ಗಂಟೆಗೆ 500 ರೂಪಾಯಿಯಂತೆ ಯಾರಿಗಾದರೂ ಕೊಟ್ಟು ಮಾಡಿಸಿದರೆ ಉಳಿತಾಯ ಅಲ್ಲಿಗೆ ಚುಕ್ತಾ. 400 ಆರ್ಡರ್ ಆದಾಗ ಚಿತ್ರ ಬೇರೆ: ವಹಿವಾಟು 3,60,000, ಶೇ. 2 ಅಂದರೆ 7,200. ಪ್ಲಾನ್, ಆ್ಯಪ್ ಸೇರಿ 10,200. ಸ್ವಂತ ಸರ್ವರನ್ನು 4 ಜಿಬಿಗೆ ಏರಿಸಿದರೂ 3,300 ದಾಟುವುದಿಲ್ಲ. ಸುಮಾರು ಏಳು ಸಾವಿರದ ವ್ಯತ್ಯಾಸ ಇರುವಾಗ ಕುಶಾಲನಗರದಲ್ಲೋ ಮೈಸೂರಿನಲ್ಲೋ ಒಬ್ಬ ಡೆವಲಪರ್ ಜೊತೆ ತಿಂಗಳ ಒಪ್ಪಂದ ಮಾಡಿಕೊಳ್ಳಬಹುದು. ಶಾಪಿಫೈಯಲ್ಲೇ ಮೇಲಿನ ಪ್ಲಾನಿಗೆ ಹೋಗಿ ಕಡಿತ ಇಳಿಸಿಕೊಳ್ಳುವ ದಾರಿಯೂ ಇದೆ. ಆದರೆ ಆ ಪ್ಲಾನಿನ ಬೆಲೆಯೇ ಕಡಿತದ ಉಳಿತಾಯವನ್ನು ನುಂಗುವ ಸಾಧ್ಯತೆ ಹೆಚ್ಚು, ಲೆಕ್ಕ ಹಾಕಿಯೇ ಹೋಗಿ.

ತಿಂಗಳಿಗೆ ಹದಿನೈದು ಆರ್ಡರ್ ಇರುವವರಿಗೆ ಎರಡೂ ಬೇಡ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್, ಗೇಟ್‌ವೇಯವರ ಪೇಮೆಂಟ್ ಲಿಂಕ್, ಒಂದು ನೋಟ್‌ಬುಕ್. ಇಷ್ಟು ಸಾಕು.

ಪುಡಿಯ ಲೆಕ್ಕ ತಪ್ಪುವುದು ಎಲ್ಲಿ

ಸೀರೆ, ಮೊಬೈಲ್ ಕವರ್ ಮಾರುವವರಿಗಿಂತ ಕಾಫಿ ಮಾರುವವರ ಕಷ್ಟ ಬೇರೆ. ಹುರಿತ ಮೂರು ಬಗೆ, ಗ್ರೈಂಡ್ ಐದು ಬಗೆ, ಅಂದರೆ ಇಡೀ ಬೀಜ, ಫಿಲ್ಟರ್, ಫ್ರೆಂಚ್ ಪ್ರೆಸ್, ಮೋಕಾ, ಎಸ್ಪ್ರೆಸೊ, ತೂಕ ಮೂರು, ಚಿಕೋರಿ ಪ್ರಮಾಣ ಐದು. ಗುಣಿಸಿದರೆ 225 ವೇರಿಯಂಟ್. ಶಾಪಿಫೈಯಲ್ಲಿ ಮೊದಲು ಒಂದು ಪ್ರಾಡಕ್ಟಿಗೆ ನೂರು ವೇರಿಯಂಟ್ ಮಿತಿ ಇತ್ತು, 2025ರಲ್ಲಿ ಅದನ್ನು 2,048ಕ್ಕೆ ಏರಿಸಿದರು. ಆದರೆ ಆಯ್ಕೆಗಳು ಮೂರೇ ಬಗೆ ಎಂಬ ಮಿತಿ ಹಾಗೇ ಇದೆ. ಹುರಿತ, ಗ್ರೈಂಡ್, ತೂಕ ಹಾಕುವಷ್ಟರಲ್ಲಿ ಜಾಗ ಮುಗಿಯಿತು, ಚಿಕೋರಿ ಹೊರಗೆ. ವೂಕಾಮರ್ಸ್‌ನಲ್ಲಿ ಇಂಥ ಮಿತಿ ಇಲ್ಲ, ಅದಕ್ಕೆ ಅದರದೇ ಕಿರಿಕಿರಿ ಇದೆ. 30ಕ್ಕಿಂತ ಹೆಚ್ಚು ವೇರಿಯೇಶನ್ ಆದೊಡನೆ ಅದು ಎಲ್ಲವನ್ನೂ ಒಮ್ಮೆಗೇ ಪುಟಕ್ಕೆ ತರುವುದನ್ನು ನಿಲ್ಲಿಸಿ, ಗ್ರಾಹಕ ಎಲ್ಲ ಆಯ್ಕೆ ಮಾಡಿ ಮುಗಿಸಿದ ಮೇಲೆ ಸರ್ವರನ್ನು ಕೇಳುತ್ತದೆ. ಆಗ ಇಲ್ಲದ ಜೋಡಿಗಳು ಮುಂಚಿತವಾಗಿ ಮಸುಕಾಗುವುದಿಲ್ಲ. ಗ್ರಾಹಕ ಎಲ್ಲ ಒತ್ತಿ ಕೊನೆಗೆ "ಲಭ್ಯವಿಲ್ಲ" ಎಂದು ಓದುತ್ತಾನೆ. ನಿಧಾನ ನೆಟ್‌ವರ್ಕಿನಲ್ಲಿ ಇದು ಅಂಗಡಿಯೇ ಹಾಳಾದಂತೆ ಕಾಣುತ್ತದೆ.

ಎರಡೂ ಕಡೆಗೂ ಪರಿಹಾರ ಒಂದೇ. ಚಿಕೋರಿ ಪ್ರಮಾಣ ಬದಲಾದರೆ ಅದನ್ನು ಬೇರೆ ಪ್ರಾಡಕ್ಟ್ ಮಾಡಿ. ಹೇಗೂ ಆಹಾರ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕೆ ಕಡಿಮೆ ಇರುವಂತಿಲ್ಲ, ಎಷ್ಟಿದೆ ಎಂದು ಲೇಬಲ್ ಮೇಲೆ ಬರೆಯಲೂಬೇಕು. ಲೇಬಲ್ ಬೇರೆ ಆದ ಮೇಲೆ ಪ್ರಾಡಕ್ಟೂ ಬೇರೆ ಇರಲಿ. ಗ್ರೈಂಡನ್ನು ವೇರಿಯಂಟ್ ಮಾಡಬೇಡಿ, ಅದು ಪ್ಯಾಕ್ ಮಾಡುವವರಿಗೆ ಕೊಡುವ ಸೂಚನೆ ಅಷ್ಟೆ. ಪ್ರಾಡಕ್ಟ್ ಪುಟದಲ್ಲಿ ಒಂದು ಡ್ರಾಪ್‌ಡೌನ್ ಇಟ್ಟು ಆರ್ಡರಿನ ಟಿಪ್ಪಣಿಯಾಗಿ ಬರುವಂತೆ ಮಾಡಿಸಿ. ಉಳಿಯುವುದು ಹುರಿತ ಮತ್ತು ತೂಕ, ಒಂಬತ್ತೇ ವೇರಿಯಂಟ್.

ಇನ್ನೊಂದು ಕಡೆ ಎಡವುವುದು ಸ್ಟಾಕ್‌ನಲ್ಲಿ. ನಿಮ್ಮ ಹತ್ತಿರ ಇರುವುದು ಒಂದು ಡ್ರಮ್ ಹುರಿದ ಬೀಜ, 20 ಕೆಜಿ. ವೆಬ್‌ಸೈಟಿನಲ್ಲಿ 250 ಗ್ರಾಂ, 500 ಗ್ರಾಂ, 1 ಕೆಜಿ ಎಂದು ಮೂರು ಪ್ರತ್ಯೇಕ ಸ್ಟಾಕ್. ವೂಕಾಮರ್ಸ್‌ನಲ್ಲಿ ಸ್ಟಾಕನ್ನು ಮೂಲ ಪ್ರಾಡಕ್ಟಿನ ಮಟ್ಟದಲ್ಲೇ ಇಡುವ ಅನುಕೂಲ ಇದೆ, ಮೂರೂ ಒಂದೇ ಡಬ್ಬಿಯಿಂದ ಕಡಿಯುತ್ತವೆ. ಆದರೆ ಅದು ಎಣಿಸುವುದು ಪೊಟ್ಟಣವನ್ನು, ತೂಕವನ್ನಲ್ಲ. ಕಾಲು ಕೆಜಿ ಹೋದರೂ ಒಂದು, ಒಂದು ಕೆಜಿ ಹೋದರೂ ಒಂದು. ತೂಕದಂತೆ ಕಡಿಯಲು ಪ್ಲಗಿನ್ ಬೇಕು. ಅದು ಬೇಡವೆಂದರೆ ಪ್ರತಿ ಹುರಿತದ ದಿನ ಡ್ರಮ್ ಅನ್ನು ಮೂರು ಪಾಲು ಮಾಡಿ ಸ್ಟಾಕ್ ಬರೆಯಿರಿ, ಪಾಲಿನ ಮೇಲೆ ಶೇ. 10 ಕೈಯಲ್ಲಿಟ್ಟುಕೊಳ್ಳಿ. ಹಳೆಯ ಪದ್ಧತಿ, ಆದರೆ ತಪ್ಪುವುದಿಲ್ಲ.

ಹಣ ಹೋಯಿತು, ಆರ್ಡರ್ ಬರಲಿಲ್ಲ

ಸ್ವಂತ ಸರ್ವರ್ ಅಂಗಡಿಗಳಲ್ಲಿ ಅತಿ ಹೆಚ್ಚು ಬರುವ ದೂರು ಇದು. ಕಾರಣ ಗೊತ್ತಿದ್ದರೆ ಹತ್ತು ನಿಮಿಷದ ಕೆಲಸ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಗ್ರಾಹಕ ಚೆಕ್‌ಔಟ್‌ನಲ್ಲಿ ಯುಪಿಐ ಒತ್ತುತ್ತಾನೆ. ಫೋನು ಬ್ರೌಸರ್ ಬಿಟ್ಟು ಯುಪಿಐ ಆ್ಯಪಿಗೆ ಹೋಗುತ್ತದೆ. ಪಿನ್ ಹಾಕುತ್ತಾನೆ, ಹಣ ಕಡಿತವಾಗುತ್ತದೆ. ಈಗ ಅವನು ಬ್ರೌಸರಿಗೆ ವಾಪಸ್ ಬಂದರೆ ಆ ಪುಟವೇ ನಿಮ್ಮ ಅಂಗಡಿಗೆ "ಹಣ ಬಂತು" ಎಂದು ತಿಳಿಸುತ್ತದೆ. ಆದರೆ ಎಷ್ಟೋ ಜನ ವಾಪಸ್ ಬರುವುದೇ ಇಲ್ಲ. ಕಡಿತದ ಎಸ್ಸೆಮ್ಮೆಸ್ ಬಂದೊಡನೆ ಫೋನ್ ಜೇಬಿಗೆ. ಕೆಲವರದು ಹಳೆಯ ಫೋನು, ಆ್ಯಪ್ ತೆರೆದೊಡನೆ ಬ್ರೌಸರಿನ ಪುಟವನ್ನು ಮೆಮೊರಿಯಿಂದ ಎಸೆದಿರುತ್ತದೆ. ಆಗ ನಿಮ್ಮ ಅಂಗಡಿಗೆ ಸುದ್ದಿ ಮುಟ್ಟಿಸಲು ಉಳಿದಿರುವುದು ವೆಬ್‌ಹುಕ್ ಮಾತ್ರ, ಅಂದರೆ ಗೇಟ್‌ವೇಯ ಸರ್ವರ್ ನಿಮ್ಮ ಸರ್ವರಿಗೆ ನೇರವಾಗಿ ಕಳಿಸುವ ಸಂದೇಶ. ಅದನ್ನು ಹೊಂದಿಸದೆ ಬಿಟ್ಟಿದ್ದರೆ ಆರ್ಡರ್ "ಪಾವತಿ ಬಾಕಿ" ಎಂದೇ ಕೂರುತ್ತದೆ. ವೂಕಾಮರ್ಸ್‌ನ ಇನ್ವೆಂಟರಿ ಸೆಟ್ಟಿಂಗ್‌ನಲ್ಲಿ ಸ್ಟಾಕ್ ಹಿಡಿದಿಡುವ ಸಮಯ ಮೊದಲಿನಿಂದಲೇ 60 ನಿಮಿಷ ಎಂದು ಇರುತ್ತದೆ. ಗಂಟೆ ಕಳೆದೊಡನೆ ಆ ಆರ್ಡರ್ ತಾನಾಗಿ ರದ್ದು. ಗ್ರಾಹಕನ ಖಾತೆಯಿಂದ ಹಣ ಹೋಗಿದೆ, ಅಂಗಡಿಯಲ್ಲಿ ಆರ್ಡರ್ ರದ್ದಾಗಿದೆ, ಹಣ ಗೇಟ್‌ವೇಯಲ್ಲಿ ಕೂತಿದೆ. ಮರುದಿನ ಫೋನು.

ಗೇಟ್‌ವೇಯ ಡ್ಯಾಶ್‌ಬೋರ್ಡಿನಲ್ಲಿ ವೆಬ್‌ಹುಕ್ ವಿಳಾಸ ಮತ್ತು ಒಂದು ಸೀಕ್ರೆಟ್ (ಗುಪ್ತಪದ) ಹಾಕಿ, ಅದೇ ಸೀಕ್ರೆಟ್ ಅನ್ನು ಪ್ಲಗಿನ್‌ನಲ್ಲೂ ಹಾಕಿ. ಎರಡರಲ್ಲಿ ಒಂದು ಅಕ್ಷರ ತಪ್ಪಿದರೂ ಸಹಿ ಹೊಂದದೆ ಸಂದೇಶ ತಿರಸ್ಕೃತವಾಗುತ್ತದೆ. ಕ್ಲೌಡ್‌ಫ್ಲೇರ್‌ನಂಥ ರಕ್ಷಣಾ ಸೇವೆ ಅಥವಾ ಭದ್ರತೆಯ ಪ್ಲಗಿನ್ ಇದ್ದರೆ ಆ ವಿಳಾಸಕ್ಕೆ ಬರುವ ಗೇಟ್‌ವೇಯ ಸಂದೇಶಗಳನ್ನು (ಪೋಸ್ಟ್ ವಿನಂತಿ) ತಡೆಯದಂತೆ ಬಿಡಿ. ಆಮೇಲೆ ಒಂದು ರೂಪಾಯಿಯ ಪ್ರಾಡಕ್ಟ್ ಮಾಡಿ, ಯುಪಿಐನಲ್ಲಿ ಕಟ್ಟಿ, ಪಿನ್ ಹಾಕಿದ ತಕ್ಷಣ ಬ್ರೌಸರನ್ನು ಬೇಕೆಂದೇ ಮುಚ್ಚಿಬಿಡಿ. ಕೆಲವು ನಿಮಿಷಗಳಲ್ಲಿ ಆರ್ಡರ್ "ಪ್ರೊಸೆಸಿಂಗ್" ಆದರೆ ಹೊಂದಿಕೆ ಸರಿ. ಪೇಮೆಂಟ್ ಯಶಸ್ವಿಯಾಗಿ ಗ್ರಾಹಕ ವಾಪಸ್ ಬರುವ ಟೆಸ್ಟನ್ನು ಎಲ್ಲರೂ ಮಾಡುತ್ತಾರೆ, ವಾಪಸ್ ಬಾರದ ಟೆಸ್ಟ್ ಮಾಡುವವರು ಕಡಿಮೆ. ಶಾಪಿಫೈಯಲ್ಲಿ ಈ ಹೊಂದಿಕೆಯನ್ನು ಗೇಟ್‌ವೇಯ ಆ್ಯಪೇ ಮಾಡಿಕೊಳ್ಳುತ್ತದೆ. ಆ ಶೇ. 2ಕ್ಕೆ ಸಿಗುವುದರಲ್ಲಿ ಇದೂ ಒಂದು.

ಸರ್ವರ್ ಇಟ್ಟುಕೊಂಡರೆ ಏನೇನು ನೋಡಬೇಕು

ಸರ್ವರ್ ಮಡಿಕೇರಿಯಲ್ಲಿ ಇರಬೇಕಿಲ್ಲ ಎಂಬುದೇ ಸಮಾಧಾನ. ಬೆಂಗಳೂರಿನ ಅಥವಾ ಮುಂಬೈಯ ಡೇಟಾ ಸೆಂಟರ್ ಆರಿಸಿಕೊಂಡರೆ ಇಲ್ಲಿ ಮೂರು ದಿನ ಕರೆಂಟ್ ಹೋದರೂ ಅಂಗಡಿ ತೆರೆದಿರುತ್ತದೆ. ಬಾಗಿಲು ಮುಚ್ಚುವುದು ಬೇರೆ ಕಾರಣಗಳಿಂದ.

1 ಜಿಬಿ ರ್‍ಯಾಮಿನ ವಿಪಿಎಸ್ ಅಗ್ಗ ಎಂದು ಕೊಳ್ಳುವುದು ಮೊದಲ ತಪ್ಪು. ಸಾಮಾನ್ಯ ದಿನ ನಡೆಯುತ್ತದೆ. ಯಾರೋ ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ಜೇನಿನ ವಿಡಿಯೊ ಹಾಕಿ ಒಮ್ಮೆಗೇ ಐವತ್ತು ಜನ ಬಂದರೆ ಪುಟ ತಯಾರಿಸುವ ಪಿಎಚ್‌ಪಿ ಪ್ರಕ್ರಿಯೆಗಳೆಲ್ಲ ಸೇರಿ ಮೆಮೊರಿ ತುಂಬುತ್ತದೆ. ಆಗ ಸರ್ವರ್ ನಡೆಸುವ ಲಿನಕ್ಸ್ ಮೆಮೊರಿ ಉಳಿಸಲು ಅತಿ ಹೆಚ್ಚು ತಿನ್ನುತ್ತಿರುವ ಪ್ರಕ್ರಿಯೆಯನ್ನು ಕೊಲ್ಲುತ್ತದೆ, ಅದು ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್. ಪರದೆಯ ಮೇಲೆ ಕಾಣುವುದು ಡೇಟಾಬೇಸ್ ಸಂಪರ್ಕ ಸಿಗಲಿಲ್ಲ ಎಂಬ ಒಂದು ಸಾಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಜನ ಡೇಟಾಬೇಸನ್ನು ರಿಪೇರಿ ಮಾಡಲು ಹೊರಡುತ್ತಾರೆ. 2 ಜಿಬಿ ರ್‍ಯಾಮ್, ಜೊತೆಗೆ 2 ಜಿಬಿ ಸ್ವಾಪ್ (ಮೆಮೊರಿ ತುಂಬಿದಾಗ ಬಳಸುವ ಡಿಸ್ಕ್ ಜಾಗ), ಪಿಎಚ್‌ಪಿ ಪ್ರಕ್ರಿಯೆಗಳ ಸಂಖ್ಯೆಗೆ ಮಿತಿ, ಇವು ಮೂರೂ ಮೊದಲ ದಿನವೇ ಆಗಬೇಕು.

ಪುಟ ಬೇಗ ತೆರೆಯಲಿ ಎಂದು ಕ್ಯಾಶ್ (ಪುಟದ ಸಿದ್ಧ ಪ್ರತಿ ಇಟ್ಟುಕೊಳ್ಳುವ ವ್ಯವಸ್ಥೆ) ಹಾಕುವವರು ಕಾರ್ಟ್, ಚೆಕ್‌ಔಟ್, ನನ್ನ ಖಾತೆ ಈ ಮೂರು ಪುಟಗಳನ್ನು ಕ್ಯಾಶ್‌ನಿಂದ ಹೊರಗಿಡಲು ಮರೆಯಬಾರದು. ಮರೆತರೆ ಒಬ್ಬರ ಕಾರ್ಟ್ ಇನ್ನೊಬ್ಬರಿಗೆ ಕಾಣುತ್ತದೆ. ಕಾರ್ಟ್ ಅಷ್ಟೇ ಆದರೆ ನಗಬಹುದು, ವಿಳಾಸ ಮತ್ತು ಫೋನ್ ನಂಬರ್ ಕಂಡರೆ ನಗು ಬರುವುದಿಲ್ಲ.

ವರ್ಡ್‌ಪ್ರೆಸ್‌ನ ಗಡಿಯಾರವೂ ವಿಚಿತ್ರ. ನಿಗದಿತ ಕೆಲಸಗಳನ್ನು ಅದು ಮಾಡುವುದು ಯಾರಾದರೂ ಪುಟ ತೆರೆದಾಗ ಮಾತ್ರ. ಕಡಿಮೆ ಜನ ಬರುವ ಅಂಗಡಿಯಲ್ಲಿ ರಾತ್ರಿಯ ಕೆಲಸ ಬೆಳಿಗ್ಗೆ ನಡೆಯುತ್ತದೆ. ಒಳಗಿನ ಈ ಗಡಿಯಾರ, ಅಂದರೆ ಕ್ರಾನ್, ಆಫ್ ಮಾಡಿ, ಲಿನಕ್ಸ್‌ನ ಕ್ರಾನ್‌ನಿಂದ ಐದು ನಿಮಿಷಕ್ಕೊಮ್ಮೆ ಓಡಿಸಿ. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ) ಪ್ರಮಾಣಪತ್ರ 90 ದಿನಕ್ಕೆ ಮುಗಿಯುತ್ತದೆ. ತಾನಾಗಿ ನವೀಕರಣ ಆಗಬೇಕು, ಆಗದಿದ್ದರೆ ಎಚ್ಚರಿಸುವ ಮೇಲ್ ಈಗ ಬರುವುದಿಲ್ಲ. 2025ರ ಜೂನ್‌ನಲ್ಲಿ ಆ ಸೇವೆ ನಿಲ್ಲಿಸಿದರು. ಹೊರಗಿನಿಂದ ನೋಡಿ ಎಚ್ಚರಿಸುವ ಒಂದು ಮಾನಿಟರ್ ಸೇವೆ ಹಾಕಿಕೊಳ್ಳಿ.

ಆರ್ಡರ್ ಮೇಲ್‌ಗಳನ್ನು ವಿಪಿಎಸ್‌ನಿಂದ ನೇರ ಕಳಿಸಲು ಹೋಗಬೇಡಿ. ಹೆಚ್ಚಿನ ಕಂಪನಿಗಳು ಮೇಲ್ ಹೋಗುವ 25ನೇ ಪೋರ್ಟನ್ನೇ ಮುಚ್ಚಿರುತ್ತವೆ, ತೆರೆದಿದ್ದರೂ ಮೇಲ್ ಸ್ಪ್ಯಾಮಿಗೆ. ಅಮೆಜಾನ್ ಎಸ್‌ಇಎಸ್ ಅಥವಾ ಬ್ರೆವೊ ಥರದ ಸೇವೆ ಹಿಡಿದು, ಡೊಮೇನ್‌ನ ಡಿಎನ್‌ಎಸ್‌ನಲ್ಲಿ (ಡೊಮೇನ್ ಯಾವ ಸರ್ವರಿಗೆ ಹೋಗಬೇಕೆಂಬ ಪಟ್ಟಿ) ಮೇಲ್ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್ ಮತ್ತು ಡಿಕಿಮ್ ದಾಖಲೆ ಹಾಕಿ. ಜಿಮೇಲ್ 2024ರ ಫೆಬ್ರವರಿಯಿಂದ ಈ ವಿಷಯದಲ್ಲಿ ಬಿಗಿಯಾಗಿದೆ.

ಇದರ ಜೊತೆ ಒಂದು ಬ್ಯಾಂಕಿನ ಸಂಗತಿ. ವಿಪಿಎಸ್ ಬಿಲ್ಲು ಕಾರ್ಡಿನಿಂದ ತಿಂಗಳು ತಿಂಗಳು ಡಾಲರಿನಲ್ಲಿ ಹೋಗುತ್ತದೆ. 2021ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮದಂತೆ ಇ-ಮ್ಯಾಂಡೇಟ್ (ಬ್ಯಾಂಕಿಗೆ ಮೊದಲೇ ಕೊಡುವ ಆನ್‌ಲೈನ್ ಒಪ್ಪಿಗೆ) ನೋಂದಣಿ ಇಲ್ಲದ ಆಟೋ ಡೆಬಿಟ್‌ಗಳು ತಿರಸ್ಕೃತವಾಗುತ್ತವೆ. ಬಿಲ್ಲು ಕಟ್ಟಿಲ್ಲ ಎಂದು ಮೇಲ್ ಬರುತ್ತದೆ, ಕೊಯ್ಲಿನ ಗಡಿಬಿಡಿಯಲ್ಲಿ ಯಾರೂ ನೋಡುವುದಿಲ್ಲ, ಸರ್ವರ್ ಬಂದ್. ಸಾಧ್ಯವಿದ್ದರೆ ಆರು ತಿಂಗಳ ಹಣ ಮುಂಗಡ ತುಂಬಿಡಿ.

ಅಪ್‌ಡೇಟ್ ಹಾಕುವ ಮುನ್ನ ಬ್ಯಾಕಪ್, ಮೊದಲು ಸ್ಟೇಜಿಂಗ್ ಪ್ರತಿಯಲ್ಲಿ (ಅಂಗಡಿಯ ಪ್ರಯೋಗದ ನಕಲು) ಪರೀಕ್ಷೆ, ಆಮೇಲೆ ನಿಜ ಅಂಗಡಿ. ಡೇಟಾಬೇಸ್ ಬ್ಯಾಕಪ್ ದಿನಕ್ಕೊಮ್ಮೆ, ಕಡತಗಳದ್ದು ವಾರಕ್ಕೊಮ್ಮೆ, ಅದೂ ಬೇರೆ ಕಂಪನಿಯ ಸ್ಟೋರೇಜಿನಲ್ಲಿ. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ಪಿನಿಂದ ಅಂಗಡಿಯನ್ನು ಬೇರೆ ಕಡೆ ಎಬ್ಬಿಸಿ ನೋಡಬೇಕು. ಎಬ್ಬಿಸಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕನ್ನಡ ಹಾಕಿದಾಗ

ಕನ್ನಡದಲ್ಲಿ ಅಂಗಡಿ ಮಾಡುವವರು ಎರಡು ವೇದಿಕೆಗಳಲ್ಲೂ ಒಂದಿಷ್ಟು ತೊಡಕು ಎದುರಿಸಬೇಕು. ಇಂಗ್ಲಿಷ್ ಅಕ್ಷರಕ್ಕೆ ಅಳೆದ ಥೀಮ್‌ಗಳಲ್ಲಿ ಶೀರ್ಷಿಕೆಯ ಸಾಲಿನೆತ್ತರ 1.1 ಇರುತ್ತದೆ, "ಒಳ್ಳೆಮೆಣಸು" ಎಂದು ಬರೆದರೆ ಒತ್ತಕ್ಷರದ ಬಾಲ ಕತ್ತರಿಸಿ ಹೋಗುತ್ತದೆ. 1.5ಕ್ಕೆ ಏರಿಸಿ. ಅಂದಹಾಗೆ ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಮೂರನ್ನೂ ವಿವರಣೆಯಲ್ಲಿ ಬರೆಯಿರಿ, ಹುಡುಕುವವರು ಒಬ್ಬೊಬ್ಬರು ಒಂದೊಂದು ಹೆಸರಿನಲ್ಲಿ ಹುಡುಕುತ್ತಾರೆ.

ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ಪುಟದ ವಿಳಾಸವೂ ಕನ್ನಡದಲ್ಲೇ ಆಗುತ್ತದೆ. ಡೇಟಾಬೇಸಿನಲ್ಲಿ ಒಂದೊಂದು ಕನ್ನಡ ಚಿಹ್ನೆ ಶೇಕಡಾ ಗುರುತುಗಳ ಒಂಬತ್ತು ಅಕ್ಷರವಾಗಿ ಕೂರುತ್ತದೆ, ವಿಳಾಸದ ಮಿತಿ 200. ಅಂದರೆ ಇಪ್ಪತ್ತೆರಡು ಚಿಹ್ನೆಗೆ ವಿಳಾಸ ತುಂಡಾಗುತ್ತದೆ. ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಚಿಹ್ನೆಯಾಗಿ ಎಣಿಕೆಯಾಗುವುದರಿಂದ ನಿಜದಲ್ಲಿ ಎರಡು ಮೂರು ಪದ. ಒಂದೇ ರೀತಿ ಶುರುವಾಗುವ ಹೆಸರುಗಳ ವಿಳಾಸ ಒಂದೇ ಆಗಿ ಹಿಂದೆ 2, 3 ಎಂದು ಅಂಟಿಕೊಳ್ಳುತ್ತದೆ. ವಾಟ್ಸ್‌ಆ್ಯಪಿಗೆ ಹಾಕಿದರಂತೂ ಅರ್ಧ ಪರದೆ ಶೇಕಡಾ ಗುರುತುಗಳೇ. ಹೆಸರು ಕನ್ನಡದಲ್ಲಿರಲಿ, ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಟೈಪ್ ಮಾಡಿ.

ಬಿಲ್ಲಿನ ಪಿಡಿಎಫ್ ಇನ್ನೊಂದು ರಗಳೆ. ಹೆಚ್ಚು ಬಳಕೆಯ ಬಿಲ್ ಪ್ಲಗಿನ್‌ಗಳು ಡಾಂಪಿಡಿಎಫ್ ಎಂಬ ಎಂಜಿನ್ ಬಳಸುತ್ತವೆ. ಅದಕ್ಕೆ ಕನ್ನಡ ಫಾಂಟ್ ಕೊಟ್ಟರೂ ಒತ್ತಕ್ಷರ ಜೋಡಿಸಲು ಬರುವುದಿಲ್ಲ, "ವಿರಾಜಪೇಟೆ" ಹೇಗೋ ಪಾರಾಗಬಹುದು, "ಪೊನ್ನಂಪೇಟೆ" ಒಡೆದು ಕಾಣುತ್ತದೆ. ಎಂಪಿಡಿಎಫ್ ಎಂಜಿನ್ ಇರುವ ಪ್ಲಗಿನ್ ಹುಡುಕಿ, ಇಲ್ಲವೇ ಬಿಲ್ಲು ಇಂಗ್ಲಿಷಿನಲ್ಲೇ ಇರಲಿ. ಎಸ್ಸೆಮ್ಮೆಸ್ ಕಳಿಸುವವರು ನೆನಪಿಡಿ: ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಅದೇ ಮಾತಿಗೆ ಎರಡು ಪಟ್ಟು ಮೂರು ಪಟ್ಟು ಖರ್ಚು, ಜೊತೆಗೆ ವ್ಯಾಪಾರದ ಎಸ್ಸೆಮ್ಮೆಸ್‌ಗೆ ಬೇಕಾದ ಡಿಎಲ್‌ಟಿ ನೋಂದಣಿ.

ತೆರಿಗೆ ಮತ್ತು ತೂಕ

ಜಿಎಸ್‌ಟಿಯ ಮಿತಿ ದಾಟಿಲ್ಲ ಎಂದು ನೋಂದಣಿ ಮಾಡಿಸದೆ ಕೂರುವವರಿದ್ದಾರೆ. ಸರಕನ್ನು ಹೊರ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಇರಲಿ ನೋಂದಣಿ ಕಡ್ಡಾಯ, ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ) ಯೋಜನೆಯಲ್ಲಿರುವವರು ಹೊರ ರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಮಡಿಕೇರಿಯಿಂದ ಚೆನ್ನೈಗೆ ಒಂದು ಪೊಟ್ಟಣ ಹೋದರೂ ಅಷ್ಟೆ. ಹುರಿದ ಕಾಫಿ ಮತ್ತು ಪುಡಿಗೆ ಶೇ. 5. ಇನ್‌ಸ್ಟಂಟ್ ಕಾಫಿ ಶೇ. 18 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 5. ಚಾಕೊಲೇಟ್ ಕೂಡ ಅಂದೇ ಇಳಿಯಿತು. ಅಂದು ದರ ತಿದ್ದದ ಅಂಗಡಿಗಳು ಈಗಲೂ ಇದ್ದರೆ ಇಂದೇ ನೋಡಿಕೊಳ್ಳಿ.

ವೂಕಾಮರ್ಸ್‌ನಲ್ಲಿ ಇದನ್ನು ಕೈಯಾರೆ ಬರೆಯಬೇಕು. ಕರ್ನಾಟಕಕ್ಕೆ ಎರಡು ಸಾಲು: ಸಿಜಿಎಸ್‌ಟಿ 2.5 ಪ್ರಯಾರಿಟಿ 1, ಎಸ್‌ಜಿಎಸ್‌ಟಿ 2.5 ಪ್ರಯಾರಿಟಿ 2. ಎರಡಕ್ಕೂ ಪ್ರಯಾರಿಟಿ 1 ಕೊಟ್ಟರೆ ಒಂದು ಪ್ರಯಾರಿಟಿಗೆ ಒಂದೇ ಸಾಲು ಹಿಡಿಯುವ ನಿಯಮದಿಂದ ಅರ್ಧ ತೆರಿಗೆ ಮಾತ್ರ ಬೀಳುತ್ತದೆ, ಉಳಿದರ್ಧ ನಿಮ್ಮ ಜೇಬಿನಿಂದ. ಉಳಿದ ರಾಜ್ಯಗಳಿಗೆ ಐಜಿಎಸ್‌ಟಿ 5, ಪ್ರಯಾರಿಟಿ 1, ಕರ್ನಾಟಕದ ಸಾಲಿನ ಕೆಳಗೆ. ಬೆಲೆ ತೆರಿಗೆ ಸೇರಿದ್ದು ಎಂದು ಗುರುತು ಮಾಡಿ, ಎಂಆರ್‌ಪಿ ಎಂದರೆ ಅದೇ ತಾನೆ. ಶಾಪಿಫೈಯಲ್ಲಿ ಈ ವಿಭಜನೆ ಸುಲಭ, ನಿಯಮಬದ್ಧ ಬಿಲ್ಲಿಗೆ ಮಾತ್ರ ಆ್ಯಪ್ ಬೇಕಾಗುತ್ತದೆ.

ಪ್ರಾಡಕ್ಟ್ ಪುಟದಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್, ನಿವ್ವಳ ತೂಕ, ಎಂಆರ್‌ಪಿ, ತಯಾರಕರ ವಿಳಾಸ, ದೂರಿಗೆ ಸಂಪರ್ಕ ಇರಲೇಬೇಕು. ಕೂರ್ಗ್ ಅರೇಬಿಕಾಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆ ನಿಜ, ಆದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸದೆ ಜಿಐ ಲೋಗೊ ಅಂಟಿಸಬೇಡಿ. ಮನೆ ವೈನ್ ಪಟ್ಟಿಗೆ ಹಾಕಲೇಬೇಡಿ. ಅಬಕಾರಿ ಕಾನೂನು ಒಂದು ಕಡೆ, ಮದ್ಯ ಕಂಡರೆ ಗೇಟ್‌ವೇ ಖಾತೆಯೇ ಬಂದ್ ಆಗುವುದು ಇನ್ನೊಂದು ಕಡೆ.

ಕೊರಿಯರ್ ದರ ಅರ್ಧ ಕೆಜಿ ಹಂತದಲ್ಲಿ ಏರುತ್ತದೆ. 500 ಗ್ರಾಂ ಪುಡಿ, 15 ಗ್ರಾಂ ಪೌಚ್, 90 ಗ್ರಾಂ ಡಬ್ಬ ಸೇರಿದರೆ 600 ದಾಟಿತು, ಕಟ್ಟುವುದು 1 ಕೆಜಿಗೆ. ಅರ್ಧ ಕೆಜಿಯ ಎರಡು ಪೌಚ್ ಹಾಕಿದರೆ ಒಂದೂವರೆ ಕೆಜಿ ದರ. ಕಾಲು ಕೆಜಿಯ ಮೂರು ಪೌಚ್ ಮಾತ್ರ 900ರೊಳಗೆ ನಿಂತು 1 ಕೆಜಿ ದರದಲ್ಲೇ ಹೋಗುತ್ತದೆ. ಕಾಂಬೊ ಮಾಡುವುದಿದ್ದರೆ ಇದನ್ನೇ ಮಾಡಿ. ಡಬ್ಬದ ಅಳತೆಯೂ ಲೆಕ್ಕಕ್ಕೆ ಬರುತ್ತದೆ: ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. 25, 20, 12ರ ಡಬ್ಬ ಖಾಲಿ ಇದ್ದರೂ 1.2 ಕೆಜಿ. ತೂಕದಂತೆ ಸಾಗಾಟ ದರ ಹಾಕುವ ಸೌಲಭ್ಯ ಶಾಪಿಫೈಯಲ್ಲಿ ಒಳಗೇ ಇದೆ, ವೂಕಾಮರ್ಸ್‌ನಲ್ಲಿ ಅದಕ್ಕೆ ಪ್ಲಗಿನ್ ಬೇಕು. ಸಂಪಾಜೆ ಘಾಟಿ ರಸ್ತೆ 2018ರ ಆಗಸ್ಟ್‌ನಲ್ಲಿ ಕುಸಿದದ್ದು ನೆನಪಿರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೆಲಿವರಿ ದಿನಗಳಿಗೆ ಮೂರು ಸೇರಿಸಿಯೇ ಬರೆಯುತ್ತಾರೆ.

ನನ್ನ ಸಲಹೆ, ಮತ್ತು ಸ್ಥಳಾಂತರ

ಮನೆಯಲ್ಲಿ ಅಥವಾ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಲಿನಕ್ಸ್ ಬಲ್ಲವರು ಇಲ್ಲದಿದ್ದರೆ ಹೋಸ್ಟೆಡ್‌ನಲ್ಲೇ ಶುರು ಮಾಡಿ, ಶೇ. 2ನ್ನು ಆಳಿನ ಸಂಬಳ ಎಂದುಕೊಳ್ಳಿ. ಆ ಕಡಿತ ತಿಂಗಳಿಗೆ ಐದು ಸಾವಿರ ದಾಟಿದಾಗ ಮತ್ತೆ ಲೆಕ್ಕ ಹಾಕಿ. ಸೊಸೈಟಿ ಅಥವಾ ನಾಲ್ಕೈದು ತೋಟದವರು ಸೇರಿ ಮಾರುವವರಿಗೆ, ಪ್ರತಿ ಲಾಟಿನ ಹಣ ಬೇರೆ ಬೇರೆಯವರಿಗೆ ಹಂಚಬೇಕಾದವರಿಗೆ, ವೂಕಾಮರ್ಸ್‌ನ ಸಡಿಲತೆ ಮೊದಲ ದಿನದಿಂದಲೇ ಬೆಲೆಬಾಳುತ್ತದೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ (ಹಲವರು ಹಂಚಿಕೊಳ್ಳುವ ಒಂದೇ ಸರ್ವರಿನಲ್ಲಿ) ವೂಕಾಮರ್ಸ್ ಎಂಬ ನಡುದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಸರ್ವರಿನ ಕಷ್ಟ ಅಷ್ಟೇ ಇರುತ್ತದೆ, ಕೀಲಿಕೈ ಮಾತ್ರ ನಿಮ್ಮ ಹತ್ತಿರ ಇರುವುದಿಲ್ಲ.

ಯಾವುದನ್ನೇ ಆರಿಸಿ, ಡೊಮೇನ್ ಬೇರೆ ಕಡೆ, ನಿಮ್ಮ ಹೆಸರಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಕೊಳ್ಳಿ. ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಬೇಡ. ಗೇಟ್‌ವೇ ಖಾತೆಯೂ ಹಾಗೆ. ಪ್ರಾಡಕ್ಟ್ ಫೋಟೊಗಳ ಮೂಲ ಪ್ರತಿ ಮನೆಯ ಹಾರ್ಡ್‌ಡಿಸ್ಕಿನಲ್ಲಿರಲಿ. ಶಾಪಿಫೈಯಿಂದ ಇಳಿಸಿಕೊಳ್ಳುವ ಸಿಎಸ್‌ವಿ ಕಡತದಲ್ಲಿ ಫೋಟೊ ಇರುವುದಿಲ್ಲ, ಫೋಟೊದ ಲಿಂಕ್ ಇರುತ್ತದೆ. ಅಂಗಡಿ ಮುಚ್ಚಿದ ಮೇಲೆ ಆ ಲಿಂಕ್‌ಗಳನ್ನು ನಂಬಿಕೊಳ್ಳುವಂತಿಲ್ಲ. ಆ ಕಡತವನ್ನು ಎಕ್ಸೆಲ್‌ನಲ್ಲಿ ನೇರ ತೆರೆದು ಸೇವ್ ಮಾಡಿದರೆ ಕನ್ನಡವೆಲ್ಲ ಹಾಳಾಗಬಹುದು. ಡೇಟಾ ಇಂಪೋರ್ಟ್ ಮೂಲಕ ಯುಟಿಎಫ್-8 ಆರಿಸಿ ತೆರೆಯಿರಿ.

ಸ್ಥಳಾಂತರಕ್ಕೆ ಒಳ್ಳೆಯ ಸಮಯ ಕೈಲ್ ಮುಹೂರ್ತ (ಸೆಪ್ಟೆಂಬರ್ ಆರಂಭದ ಕೊಡವ ಹಬ್ಬ) ಮುಗಿದು ದಸರಾ ಶುರುವಾಗುವ ನಡುವಿನ ವಾರಗಳು. ಮಳೆ ಇಳಿದಿರುತ್ತದೆ, ಅರೇಬಿಕಾ ಕೊಯ್ಲು ದೂರ, ಡಿಸೆಂಬರಿನ ಪ್ರವಾಸಿಗರು ಇನ್ನೂ ದೂರ. ಎರಡು ದಿನ ಮುಂಚೆ ಡಿಎನ್‌ಎಸ್‌ನ ಟಿಟಿಎಲ್ (ಹಳೆಯ ದಾಖಲೆ ನೆನಪಿಡುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿ. ಮೇಲ್ ಎಲ್ಲಿಗೆ ಬರಬೇಕೆಂದು ಹೇಳುವ ಎಂಎಕ್ಸ್ ದಾಖಲೆಗಳನ್ನು ಬರೆದಿಟ್ಟುಕೊಳ್ಳಿ, ನೇಮ್‌ಸರ್ವರ್ ಬದಲಿಸುವಾಗ ಅವು ಬಿಟ್ಟುಹೋಗಿ ಮೇಲ್ ನಿಲ್ಲುವುದು ಸಾಮಾನ್ಯ. ಶಾಪಿಫೈಯ ಪ್ರಾಡಕ್ಟ್ ವಿಳಾಸದಲ್ಲಿ "ಪ್ರಾಡಕ್ಟ್ಸ್" ಎಂದು ಬಹುವಚನ, ವೂಕಾಮರ್ಸ್‌ನಲ್ಲಿ "ಪ್ರಾಡಕ್ಟ್" ಎಂದು ಏಕವಚನ. ಪ್ರತಿ ಹಳೆಯ ವಿಳಾಸಕ್ಕೂ 301 ರೀಡೈರೆಕ್ಟ್ (ಹೊಸ ವಿಳಾಸಕ್ಕೆ ತಾನಾಗಿ ಕಳಿಸುವ ಸೂಚನೆ) ಹಾಕದಿದ್ದರೆ ಗೂಗಲ್‌ನಿಂದ ಬಂದವರು ಖಾಲಿ ಪುಟ ನೋಡುತ್ತಾರೆ. ಗ್ರಾಹಕರ ಪಾಸ್‌ವರ್ಡ್‌ಗಳು ಬರುವುದಿಲ್ಲ, ಹೊಸದು ಮಾಡಿಕೊಳ್ಳಲು ಒಂದು ಮೇಲ್ ಕಳಿಸಬೇಕು.

ಹಳೆಯ ಪ್ಲಾನನ್ನು ಅಂದೇ ರದ್ದು ಮಾಡಬೇಡಿ, ಒಂದು ತಿಂಗಳು ಇರಲಿ. ಮುಚ್ಚುವ ಮುನ್ನ ಎಲ್ಲ ಆರ್ಡರ್, ಬಿಲ್, ರೀಫಂಡ್‌ಗಳನ್ನು ಇಳಿಸಿಕೊಂಡು ಆಡಿಟರ್‌ಗೂ ಒಂದು ಪ್ರತಿ ಕೊಡಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು, ಆ ಅವಧಿಯಲ್ಲಿ ಯಾವಾಗಲಾದರೂ ನೋಟಿಸ್ ಬಂದಾಗ ಮುಚ್ಚಿದ ಖಾತೆಯ ಲಾಗಿನ್ ತೆರೆಯುವುದಿಲ್ಲ.